ರಟ್ಟು ಚುಚ್ಚುವ ಸಣ್ಣತ್ತಿ

ಒಬ್ಬೊಬ್ಬರಿಗೆ ಒಂದೊಂದು ಕಂಡರೆ ಆಗುವುದಿಲ್ಲ. ನಮ್ಮಪ್ಪನಿಗೆ ಹೀರೆಕಾಯಿ ಕಂಡರೆ ಆಗುವುದಿಲ್ಲ. ನಮ್ಮ ಶಾಲೆಯ ಹೆಡ್‌ಮಾಸ್ತರರಿಗೆ ನಗುವ ಹುಡುಗರನ್ನು ಕಂಡರೆ ಆಗುವುದಿಲ್ಲ. ನಮ್ಮ ಸಣ್ಣತ್ತಿಗೆ ತೂತಿಲ್ಲದ ರಟ್ಟು ಕಂಡರೆ ಆಗುವುದಿಲ್ಲ!

ನೀವು ನಗುತ್ತೀರಿ. ನಗಿರಿ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಹೊಸ ಸೀರೆಯ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು ಒಮ್ಮೆ ಆಕೆಯ ಮನೆಗೆ ಹೋಗಿ ನೋಡಿ. "ಬಾರವ್ವಾ, ಬಾ" ಅಂತ ಬಾಯಿ ನಿಮ್ಮನ್ನು ಕರೆಯುತ್ತದೆ, ಕಣ್ಣು ಡಬ್ಬಿಯನ್ನು ಕರೆಯುತ್ತದೆ. ನೀವು ಚಹಾ ಕುಡಿದು ಬಸಿ ಕೆಳಗಿಡುವುದರೊಳಗೆ ಸೀರೆ ನಿಮ್ಮ ತೊಡೆಯ ಮೇಲೆ, ಡಬ್ಬಿ ಆಕೆಯ ತೊಡೆಯ ಮೇಲೆ! ಎರಡು ಬೆರಳಿನ ನಡುವೆ ಹಿಡಿದು ಬಾಗಿಸುತ್ತಾಳೆ. ಸಂತೆಯಲ್ಲಿ ಗಡಿಗೆ ಬಾರಿಸಿ ನೋಡುವವರ ಹಾಗೆ ಉಗುರಿನಿಂದ ಟಕ್ಕನೆ ಬಾರಿಸಿ ಕಿವಿ ಕೊಡುತ್ತಾಳೆ. ಆಮೇಲೆ ತೀರ್ಪು ಬರುತ್ತದೆ.

"ಸೀರಿ ಅಷ್ಟಕ್ಕಷ್ಟ. ರಟ್ಟು ಮಾತ್ರ ಭಾಳ ಛಲೋ ಅದ ನೋಡು!"

ಈ ಚಟ ಆಕೆಗೆ ಹುಟ್ಟಿನಿಂದ ಬಂದದ್ದಲ್ಲ. ನಮ್ಮ ಸೀಮೆಗೆ ಕಾಲುವೆ ಬಂದಾಗ ಅದರ ಹಿಂದೆ ಏನೇನೋ ಬಂದವಲ್ಲ, ಭತ್ತ ಬಂತು, ಸೊಳ್ಳೆ ಬಂತು, ಗುಂಟೂರು ಕಡೆಯ ಮೆಣಸಿನಕಾಯಿ ಬಂತು, ಹಾಗೆ ಇದೂ ಬಂತು. ಆಕೆಯ ಗಂಡ, ಅಂದರೆ ನಮ್ಮ ಮಾವ, ಭೀಮರಾಯನಗುಡಿ ಕ್ಯಾಂಪಿನಲ್ಲಿ ನಕಾಶೆ ಎಳೆಯುವ ಕೆಲಸದಲ್ಲಿದ್ದ. ಎಲ್ಲಿ ಕಾಲುವೆ ತಿರುಗಬೇಕು, ಎಲ್ಲಿ ತೂಬು ಕೂರಬೇಕು ಅನ್ನುವುದನ್ನೆಲ್ಲ ಬೇರೆಯವರು ಹೇಳುತ್ತಿದ್ದರು, ಕಾಗದದ ಮೇಲೆ ಮಸಿಯಲ್ಲಿ ಗೆರೆ ಎಳೆಯುವವನು ಮಾತ್ರ ಇವನು. ಮಾತು ಕಡಿಮೆ. ಅತ್ತಿಯ ಮನೆಯಲ್ಲಿ ಮಾತಿನ ಖಾತೆ ಪೂರ್ತಿ ಅತ್ತಿಯದೇ ಆದ್ದರಿಂದ ಅದೊಂದು ಅನುಕೂಲವೇ ಆಗಿತ್ತು ಅನ್ನಿ.

ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ಯಾವ ಊರಿನವರಿರಲಿಲ್ಲ! ಒಂದು ಗೋಡೆಯ ಆಚೆ ಮೈಸೂರಿನ ಸಾರು ಕುದಿಯುತ್ತಿದ್ದರೆ ಇನ್ನೊಂದು ಗೋಡೆಯ ಆಚೆ ಮಂಗಳೂರಿನ ಮೀನು ಹುರಿಯುತ್ತಿತ್ತು. ಆ ಮಂಗಳೂರು ಗೋಡೆಯ ಆಚೆ ಒಬ್ಬ ಓವರ್‌ಸಿಯರ್‌ನ ಹೆಂಡತಿ ಇದ್ದಳು. ಆಕೆ ಚಿಕ್ಕವಳಿದ್ದಾಗ ತಮ್ಮೂರಿನ ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಕಡ್ಡಿ ಲೇಸು ಹಾಕುವುದನ್ನು ಕಲಿತಿದ್ದಳಂತೆ. ಕ್ರೋಶಾ ಅಲ್ಲ, ಹೆಣಿಗೆ ಅಲ್ಲ. ಇದರ ಕಸುಬೇ ಬೇರೆ. ಮೊದಲು ಗಟ್ಟಿ ರಟ್ಟಿನ ಪಟ್ಟಿಯ ಮೇಲೆ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ತೂತು ಚುಚ್ಚಿ ನಮೂನೆ ತಯಾರು ಮಾಡಬೇಕು. ಅದನ್ನು ಹೊಟ್ಟು ತುಂಬಿದ ದಿಂಬಿನ ಮೇಲೆ ಹಚ್ಚಬೇಕು. ಸಣ್ಣ ಸಣ್ಣ ಕಟ್ಟಿಗೆಯ ಕಡ್ಡಿಗಳಿಗೆ ದಾರ ಸುತ್ತಿ, ಎರಡೆರಡು ಜೋಡಿ ಹಿಡಿದು, ಒಂದರ ಮೇಲೊಂದು ದಾಟಿಸುತ್ತ ತಿರುವುತ್ತ, ರಟ್ಟಿನ ಒಂದೊಂದು ತೂತಿಗೂ ಒಂದೊಂದು ಟಾಚಣಿ, ಅಂದರೆ ಗುಂಡುಪಿನ್ನು, ಚುಚ್ಚುತ್ತ ಹೋಗಬೇಕು. ಆಮೇಲೆ ಟಾಚಣಿ ಕಿತ್ತರೆ ಗಾಳಿಯನ್ನೇ ಹೆಣೆದ ಹಾಗೆ ಲೇಸು ಎದ್ದು ಬರುತ್ತದೆ. ಕೈ ಎಷ್ಟೇ ಚುರುಕಿರಲಿ, ರಟ್ಟಿನ ತೂತು ಎಲ್ಲಿದೆಯೋ ದಾರ ಅಲ್ಲಿಗೇ ಹೋಗುವುದು. ರಟ್ಟು ಕೆಟ್ಟರೆ ಲೇಸು ಕೆಟ್ಟಿತು!

ಮಧ್ಯಾಹ್ನದ ಹೊತ್ತು ಗೋಡೆಯಾಚೆಯಿಂದ ಕಡ್ಡಿಗಳ ಕಟಕಟ ಸದ್ದು ಕೇಳಿ ಅತ್ತಿ ನೋಡಲು ಹೋದಳು. ಹೋದವಳು ಕೂತಳು. ಕೂತವಳು ಕಲಿತಳು. ಅಷ್ಟರಲ್ಲಿ ಓವರ್‌ಸಿಯರ್‌ಗೆ ವರ್ಗವಾಯಿತು. ಹೋಗುವಾಗ ಆ ತಾಯಿ ತನ್ನ ದಿಂಬು, ಕಡ್ಡಿ, ಒಂದೇ ಒಂದು ನಮೂನೆಯ ರಟ್ಟು ಇಷ್ಟನ್ನು ಅತ್ತಿಯ ಮಡಿಲಿಗೆ ಹಾಕಿ ಜೀಪು ಹತ್ತಿದಳು. ನಮೂನೆ ಹೇಗೆ ತಯಾರಿಸಬೇಕು ಅನ್ನುವುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಅತ್ತಿ ಆ ಒಂದೇ ರಟ್ಟಿನ ಮೇಲೆ ಎಷ್ಟು ಲೇಸು ಹಾಕಿದಳೆಂದರೆ ತೂತುಗಳೆಲ್ಲ ಸೇರಿ ಒಂದೇ ತೂತಾಯಿತು!

ಶಹಾಪುರ, ಸುರಪುರ, ಯಾದಗಿರಿ ಮೂರೂ ಪೇಟೆ ತಿರುಗಿದರೂ ಇಂಥ ರಟ್ಟು ಯಾರಿಗೂ ಗೊತ್ತಿಲ್ಲ. ಬೇರೆ ಯಾರಾದರೂ ಆಗಿದ್ದರೆ ದಿಂಬನ್ನು ತಲೆಗಿಟ್ಟುಕೊಂಡು ಮಲಗುತ್ತಿದ್ದರು. ನಮ್ಮತ್ತಿ ಏನಂದಳು?

"ಆ ಸಿಸ್ಟರ್‌ಗೋಳಿಗಿ ಯಾರು ಹೇಳಿಕೊಟ್ಟಿದ್ರು? ಅವರಿಗಿ ಯಾರೋ, ಆ ಯಾರೋಗ ಮತ್ಯಾರೋ. ಮೊಟ್ಟಮೊದಲ ಒಬ್ಬಾಕಿ ತಾನ ಚುಚ್ಚಿರಬೇಕಲ್ಲ? ಆಕಿನೂ ನನ್ನಂಗ ರೊಟ್ಟಿ ತಿನ್ನಾಕಿನ!"

"ಆಕಿ ರೊಟ್ಟಿ ತಿಂತಿದ್ದಳೋ ಇಲ್ಲೋ ಯಾರಿಗಿ ಗೊತ್ತು," ಅಂದ ಮಾವ, ಪೇಪರು ಕೆಳಗಿಳಿಸದೆ. "ಲೇಸು ಲೇಸು ಅಂತೀ, ನನಗ್ಯಾಕೋ ಇದು ಲೇಸು ಕಾಣವಲ್ದು."

ಆ ವರ್ಷ ನನಗೆ ಶಹಾಪುರದ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿ ನಾನು ಅತ್ತಿಯ ಮನೆಯಲ್ಲಿ ಇರಲು ಬಂದೆ. ಹೀಗಾಗಿ ಮುಂದಿನದ್ದಕ್ಕೆಲ್ಲ ನನ್ನ ಕಣ್ಣೇ ಸಾಕ್ಷಿ.

ಮೊದಲ ತೊಂದರೆ ರಟ್ಟಿನದು. ತೀರ ತೆಳುವಾದರೆ ಟಾಚಣಿ ಹಿಡಿದು ನಿಲ್ಲುವುದಿಲ್ಲ, ತೀರ ದಪ್ಪವಾದರೆ ಸೂಜಿ ಮುರಿಯುತ್ತದೆ. ಬಿಸ್ಕೀಟಿನ ಪೆಟ್ಟಿಗೆ, ಔಷಧದ ಡಬ್ಬಿ, ನನ್ನ ಹಾಜರಿ ಪುಸ್ತಕದ ಹೊದಿಕೆ, ಎಲ್ಲ ಚುಚ್ಚಿ ಪರೀಕ್ಷೆಯಾದವು. ಕೊನೆಗೆ ಅತ್ತಿ ಕಂಡುಹಿಡಿದ ಸತ್ಯವೇನೆಂದರೆ ಲೇಸಿಗೆ ಹೇಳಿ ಮಾಡಿಸಿದ ರಟ್ಟು ಲಗ್ನಪತ್ರಿಕೆಯದು! ಅಂದಿನಿಂದ ನಮ್ಮ ಬಂಧು ಬಳಗದ ಮದುವೆಗಳಿಗೆಲ್ಲ ಹೊಸ ಅಳತೆಗೋಲು ಬಂತು. ಪತ್ರಿಕೆ ಕೊಡಲು ಬಂದವರು ಇನ್ನೂ ಕುಂಕುಮದ ಬಟ್ಟಲು ತೆಗೆಯುತ್ತಿದ್ದರೆ ಇತ್ತ ಅತ್ತಿ ಪತ್ರಿಕೆಯನ್ನು ಬಾಗಿಸಿ ನೋಡಿ ಆಗಿರುತ್ತಿತ್ತು. ರಟ್ಟು ಗಟ್ಟಿಯಿದ್ದರೆ, "ಬರ್ತೀವವ್ವಾ, ಇಂಥಾ ಲಗ್ನ ತಪ್ಪಿಸಲಿಕ್ಕಾಗ್ತದೇನು!" ತೆಳುವಿದ್ದರೆ, "ನೋಡೋಣ್ರಿ, ಅವರಿಗಿ ರಜಾ ಸಿಗಬೇಕಲ್ಲ."

ಬಂದ ಪತ್ರಿಕೆಗಳು ಸಾಲದಾದವು. ಒಂದು ದಿನ ಶಹಾಪುರದ ಪ್ರಿಂಟಿಂಗ್ ಪ್ರೆಸ್ಸಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಪ್ರೆಸ್ಸಿನ ಮಾಲೀಕ ಖುಷಿಯಿಂದ ಆಲ್ಬಮ್ ಬಿಚ್ಚಿದ.

"ಬರ್ರಿ ಅಕ್ಕಾರ. ಲಗ್ನ ಯಾರದ್ರಿ?"

"ಯಾರದೂ ಅಲ್ಲ. ಕಾರ್ಡು ಬೇಕು."

"ವರನ ಹೆಸರು?"

"ವರ ಇಲ್ಲ."

"ವಧು?"

"ವಧುನೂ ಇಲ್ಲ."

"ಮುಹೂರ್ತರ ಅದನೋ ಇಲ್ಲೋ?"

"ಏನೂ ಇಲ್ಲಪಾ. ಬರೇ ಖಾಲಿ ಕಾರ್ಡು ಕೊಡು."

ಆತ ಮೆಲ್ಲಗೆ ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡಿದ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಆಲ್ಬಮ್ ಮುಚ್ಚಿ, ದನಿ ತಗ್ಗಿಸಿ, ಎಷ್ಟು ಮರುಕದಿಂದ ಅಂದನೆಂದರೆ, "ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಮೊದಲ ಹುಡುಗನ್ನ ನೋಡ್ರಿ. ಕಾರ್ಡು ಎಲ್ಲೂ ಓಡಿ ಹೋಗಂಗಿಲ್ಲ!"

ನಾನು ಒಂದು ತಿಂಗಳು ಆ ಓಣಿಯಲ್ಲಿ ಹೋಗಲಿಲ್ಲ. ಅತ್ತಿಗೇನು, ಕಾರ್ಡು ಸಿಕ್ಕಿತ್ತು.

ಎರಡನೆಯ ತೊಂದರೆ ಮಸಿ. ತೂತುಗಳ ನಡುವೆ ದಾರ ಹೋಗುವ ದಾರಿಯನ್ನು ಪೆನ್ಸಿಲಿನಿಂದಲೋ ಮಸಿಯಿಂದಲೋ ಬರೆದಿರಬೇಕು. ಆದರೆ ಬಿಳಿ ದಾರ ಆ ಗೆರೆಯ ಮೇಲೆ ಉಜ್ಜಿ ಉಜ್ಜಿ ಇಲಿಯ ಬಾಲದ ಬಣ್ಣಕ್ಕೆ ತಿರುಗುತ್ತಿತ್ತು. ಮೇಲೆ ಹೊದಿಸಲು ತೆಳ್ಳಗಿರುವ, ಗಟ್ಟಿಯಾಗಿರುವ, ಕೆಳಗಿನದು ಕಾಣುವಂಥದ್ದು ಏನಾದರೂ ಬೇಕು. ಏನು ಹೇಳಿ? ಎಕ್ಸರೇ ಹಾಳೆ!

ಆಮೇಲೆ ಅತ್ತಿಯಷ್ಟು ಶ್ರದ್ಧೆಯಿಂದ ರೋಗಿಗಳನ್ನು ಮಾತಾಡಿಸುವವರು ಕ್ಯಾಂಪಿನಲ್ಲೇ ಇಲ್ಲವಾದರು. ಕಾಲುವೆಯ ಒಡ್ಡಿನ ಮೇಲಿಂದ ಸ್ಕೂಟರ್ ಸಮೇತ ಉರುಳಿ ಕಾಲು ಮುರಿದುಕೊಂಡಿದ್ದ ಗುಮಾಸ್ತನೊಬ್ಬನ ಮನೆಗೆ ಬಾಳೆಹಣ್ಣು ಹಿಡಿದುಕೊಂಡು ಹೋದಳು.

"ಹೆಂಗದಪಾ ಕಾಲು? ಎಲುಬು ಕೂಡಿತೇನು?"

"ಕೂಡ್ಯಾದ್ರಿ ಅಕ್ಕಾರ. ನಡೀಲಿಕತ್ತೀನಿ."

"ಭಾಳ ಛಲೋ ಆತು. ಹಂಗಾದ್ರ ಆ ಮುರದ ಫೋಟೋ ಇನ್ನ ನಿನಗ್ಯಾಕ? ಮನ್ಯಾಗ ಇಟ್ಕೋಬಾರದು, ಪೀಡಾ. ಕೊಡಿಲ್ಲಿ!"

ಹೀಗೆ ನಮ್ಮ ಬಳಗದವರ ಎಲುಬೆಲ್ಲ ಅತ್ತಿಯ ಟ್ರಂಕಿಗೆ ಬಂದು ಸೇರಿತು. ಯಾರಾದರೂ ದಿಂಬಿನ ಹತ್ತಿರ ಬಗ್ಗಿ ನೋಡಿದರೆ ನಮ್ಮ ದೊಡ್ಡಪ್ಪನ ಎದೆಗೂಡಿನ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿರುತ್ತಿತ್ತು. ದೊಡ್ಡಪ್ಪ ಒಮ್ಮೆ ಬಂದಾಗ ಅದನ್ನು ಕಂಡು ಬಹಳ ಹೊತ್ತು ನೋಡುತ್ತ ನಿಂತು, "ಬದುಕಿದ್ದಾಗ ಇಷ್ಟು ಚಂದ ಕಾಣ್ತೀನಿ ಅಂತ ಗೊತ್ತಿರಲಿಲ್ಲವ್ವಾ" ಅಂದಿದ್ದರು!

ನಮೂನೆಗಳನ್ನು ಎಲ್ಲಿಂದ ತರುತ್ತಿದ್ದಳು ಅಂತ ಕೇಳುತ್ತೀರಾ? ಪುಸ್ತಕ ಇಲ್ಲ, ಹೇಳುವವರಿಲ್ಲ. ಕಣ್ಣಿಗೆ ಬಿದ್ದದ್ದೇ ನಮೂನೆ. ತಿಂಥಣಿಯ ಗುಡಿಗೆ ಹೋದಾಗ ಹೊಳೆದಂಡೆಯಲ್ಲಿ ಬಲೆ ಒಣಹಾಕಿದ್ದನ್ನು ನೋಡಿ ಬಂದು ಅದನ್ನು ಚುಕ್ಕಿಗಿಳಿಸಿದಳು. ಭತ್ತದ ಗದ್ದೆಗಳ ಬದುವು, ಜೋಳದ ತೆನೆ, ಮೀನಿನ ಬಾಲ, ಎಲ್ಲವೂ ಚೌಕಳಿ ಕಾಗದದ ಮೇಲೆ ಚುಕ್ಕಿಯಾಗಿ ಕೂತವು. ಆ ಕಾಗದವನ್ನು ರಟ್ಟಿನ ಮೇಲಿಟ್ಟು, ಕೆಳಗೆ ಮಡಿಸಿದ ಕಂಬಳಿ ಹಾಕಿ, ಹಿಡಿಕೆ ಹಚ್ಚಿದ ಸೂಜಿಯನ್ನು ಮೇಣಕ್ಕೆ ತಾಗಿಸಿ ತಾಗಿಸಿ, ಉಸಿರು ಬಿಗಿ ಹಿಡಿದು ಚುಚ್ಚುವಾಗ ಮನೆಯಲ್ಲಿ ಯಾರೂ ಸೀನುವಂತಿರಲಿಲ್ಲ. ಸೂಜಿ ಕೂದಲೆಳೆಯಷ್ಟು ಸರಿದರೆ ಮುಗಿಯಿತು. ಇಡೀ ಪಟ್ಟಿ ಒಲೆಗೆ!

"ಒಂದ ತೂತು ಅಲ್ಲೇನತ್ತಿ, ಯಾರು ನೋಡ್ತಾರ?" ಅಂತ ನಾನೊಮ್ಮೆ ಅಂದೆ.

"ಕಾಲುವಿ ಒಡ್ಡಿನಾಗೂ ಒಂದ ತೂತು ಬಿದ್ದಿರ್ತದ. ಆಮ್ಯಾಲ ಊರ ಮುಣಗ್ತದ. ನಿಮ್ಮ ಮಾವನ್ನ ಕೇಳು!"

ಮಾವನನ್ನು ಕೇಳುವ ಅಗತ್ಯ ಇರಲಿಲ್ಲ. ಆತ ತನ್ನ ಪಾಡಿಗೆ ದೂರದಿಂದ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, "ಎಡಗಡಿ ಮೂರನೇದು ಜರಾ ಸರದದ" ಅಂತಿದ್ದ. ಅತ್ತಿ ಸಿಟ್ಟಿನಿಂದ ಅಳೆದು ನೋಡಿದರೆ, ಸರಿದಿರುತ್ತಿತ್ತು! ಆತನ ಕಣ್ಣಿನಷ್ಟೇ ಕೈಯೂ ಖಡಕ್ಕು. ಮಸಿಯ ಗೆರೆ ಎಳೆಯುವಾಗ ತಟ್ಟನೆ ಯಾರಾದರೂ ಕೂಗಿದರೂ ಆ ಕೈ ಅಲುಗುತ್ತಿರಲಿಲ್ಲವಂತೆ. ಆದರೆ ಅತ್ತಿ ಎಷ್ಟೇ ಕರೆದರೂ ಸೂಜಿ ಮಾತ್ರ ಮುಟ್ಟುತ್ತಿರಲಿಲ್ಲ. "ದಿನಾ ಆಫೀಸಿನಾಗ ಗೆರಿ, ಮನಿಗಿ ಬಂದು ಚುಕ್ಕಿ. ನಾ ಮನಷ್ಯಾ ಅದೀನೋ ರಂಗೋಲಿ ಅದೀನೋ?" ಅನ್ನುತ್ತಿದ್ದ.

ಪೂರ್ತಿ ತಪ್ಪಿಸಿಕೊಳ್ಳಲು ಆತನಿಗೂ ಸಾಧ್ಯವಾಗಲಿಲ್ಲ. ಲೇಸಿನ ಪಟ್ಟಿ ನೆಟ್ಟಗೆ ಹೋಗುವಷ್ಟು ಹೊತ್ತು ಸುಲಭ. ಕರವಸ್ತ್ರಕ್ಕೋ ಮೇಜಿನ ಬಟ್ಟೆಗೋ ಹಚ್ಚಬೇಕೆಂದರೆ ಮೂಲೆಯಲ್ಲಿ ತಿರುಗಬೇಕಲ್ಲ! ಮೂಲೆಯ ಚುಕ್ಕಿ ಎಲ್ಲಿ ಬೀಳಬೇಕು ಅನ್ನುವುದು ತಿಂಗಳುಗಟ್ಟಲೆ ಬಗೆಹರಿಯಲಿಲ್ಲ. ಅತ್ತಿ ರೊಟ್ಟಿ ಬಡಿಯುತ್ತ ಬಡಿಯುತ್ತ ಹಿಟ್ಟಿನ ಮೇಲೆ ಚುಕ್ಕಿ ಇಟ್ಟು ಯೋಚಿಸುತ್ತ ಕೂತುಬಿಡುತ್ತಿದ್ದಳು. ನಾವು ಆ ಕಾಲದಲ್ಲಿ ತಿಂದ ರೊಟ್ಟಿಗಳೆಲ್ಲ ಚೌಕು!

ಒಂದು ಮುಂಜಾನೆ ಮಾವ ಅಂಗಳದಲ್ಲಿ ಕೂತು ಮುಖಕ್ಕೆಲ್ಲ ಸಾಬೂನಿನ ನೊರೆ ಹಚ್ಚಿಕೊಂಡು ಅರ್ಧ ಗಡ್ಡ ಹೆರೆದಿದ್ದ. ಅತ್ತಿ ಕಸ ಗುಡಿಸುತ್ತ ಬಂದವಳು ಕನ್ನಡಿಯಲ್ಲಿ ಬಾಗಿಲ ಚೌಕಟ್ಟು ಮುರಿದು ತಿರುಗಿ ಕಾಣುವುದನ್ನು ನೋಡಿದಳು. ಕಸಬರಿಗೆ ಅಲ್ಲೇ ಬಿತ್ತು. "ತರ್ರಿ ಇಲ್ಲಿ!" ಅಂತ ಕನ್ನಡಿ ಕಿತ್ತುಕೊಂಡು ಒಳಗೆ ಓಡಿ, ನಮೂನೆಯ ಕಾಗದದ ಮೇಲೆ ಅದನ್ನು ಓರೆಯಾಗಿ ನಿಲ್ಲಿಸಿದಳು. ನೆಟ್ಟಗಿದ್ದ ಬಳ್ಳಿ ಕನ್ನಡಿಯೊಳಗೆ ತಿರುಗಿ ಮೂಲೆಯಾಗಿ ನಿಂತಿತ್ತು! ಕನ್ನಡಿಯನ್ನು ಹಿಂದೆ ಮುಂದೆ ಸರಿಸಿ, ಯಾವ ಜಾಗದಲ್ಲಿ ಮೂಲೆ ಚಂದ ಕಾಣುತ್ತದೋ ಅಲ್ಲಿ ಗೆರೆ ಎಳೆದು, ಚುಕ್ಕಿ ಇಡುತ್ತ ಕೂತಳು. ಹೊರಗಿನಿಂದ ಮಾವನ ದನಿ ಬಂತು.

"ಕನ್ನಡಿ ಕೊಡ್ತೀಯೇನು? ಆಫೀಸಿಗಿ ಹೊತ್ತಾಗ್ಯಾದ."

"ತಡೀರಿ! ಮೂಲಿ ಸಿಕ್ಕದ!"

"ನನಗ ಇನ್ನೊಂದು ಗಲ್ಲ ಸಿಗವಲ್ದು!"

ಅಂದು ಮಾವ ಅರ್ಧ ಗಡ್ಡದಲ್ಲೇ ಆಫೀಸಿಗೆ ಹೋದ. ಸಾಹೇಬರು ಕೇಳಿದ್ದಕ್ಕೆ, "ಕೆಲಸ ಚಾಲೂ ಅದ್ರಿ" ಅಂದನಂತೆ.

ಇನ್ನು ಸುರಪುರದ ಬಸ್ಸಿನ ಕಥೆ. ಕಡ್ಡಿಗಳು ಸಾಲದಾಗಿದ್ದವು. ಸುರಪುರದ ಬಡಿಗನೊಬ್ಬನಿಗೆ ಅತ್ತಿ ಮೊದಲೊಮ್ಮೆ ಕಡ್ಡಿ ತೋರಿಸಿದಾಗ ಆತ ಅಂಗೈಯಲ್ಲಿ ಉರುಳಿಸಿ, "ಏನ್ರೀ ಇದು, ನಿಮ್ಮ ಲಟ್ಟಣಿಗಿ ಮರಿ ಹಾಕ್ಯಾದೇನು?" ಅಂದಿದ್ದ. ಇದು ಯಾತಕ್ಕೆ ಬೇಕು ಅನ್ನುವುದು ಅವನಿಗೆ ತಿಳಿಯಲಿ ಅಂತ ಅತ್ತಿ ಈ ಸಲ ದಿಂಬನ್ನೇ ತೆಗೆದುಕೊಂಡು ಹೊರಟಳು. ಅರ್ಧ ಹಾಕಿದ ಲೇಸು, ನೆಟ್ಟ ಟಾಚಣಿ, ಜೋತುಬಿದ್ದ ಕಡ್ಡಿ ಎಲ್ಲ ಸಮೇತ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ಸು ಹತ್ತಿದಳು.

ಸಂತೆಯ ದಿನ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಆದರೂ ಒಬ್ಬಾತ ಎದ್ದು ನಿಂತ. "ಕೂಸಿನ ತಾಯಿ, ಕುಂದರ್ರಿ ಯವ್ವಾ."

ಅತ್ತಿ ಏನಾದರೂ ಅಂದಳೇ? ಸುಮ್ಮನೆ ಕೂತಳು! ನಾನು ಕಂಬ ಹಿಡಿದು ನಿಂತು ನಗು ನುಂಗಿದೆ. ಪಕ್ಕದಲ್ಲಿದ್ದ ಮುದುಕಿ ಗಂಟನ್ನು ನೋಡಿ ನೋಡಿ, "ಎಷ್ಟು ಶಾಣ್ಯಾ ಕೂಸವ್ವಾ, ಒಂದ ಸಲನೂ ಅಳವಲ್ದು" ಅಂದಳು.

"ಅಳಂಗಿಲ್ರಿ. ಅದರ ಜಾತಿನೇ ಹಂಗ," ಅಂದಳು ಅತ್ತಿ.

"ಮಾರಿಗಿ ಗಾಳಿ ಬಿಡವ್ವಾ, ಉಬ್ಬಸ ಬಡೀತದ" ಅನ್ನುತ್ತ ಮುದುಕಿ ತಾನೇ ಬಟ್ಟೆ ಸರಿಸಿಬಿಟ್ಟಳು. ಸರಿಸಿದರೆ ಏನು ಕಾಣಬೇಕು! ಮೈತುಂಬ ಟಾಚಣಿ, ಸುತ್ತೆಲ್ಲ ದಾರ, ತುದಿಗೆ ಕಟ್ಟಿದ ಕಡ್ಡಿಗಳು, ಎಲ್ಲದರ ಕೆಳಗೆ ಯಾರದೋ ಪಕ್ಕೆಲುಬು!

"ಅಯ್ಯಯ್ಯಯ್ಯೋ! ಮಾಟ! ಮಾಟ ಮಾಡ್ಯಾಳ್ರೋ!"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಕಾಲುವೆಯ ಸೇತುವೆಯ ಮೇಲೆ ಗಕ್ಕನೆ ನಿಂತಿತು. ತುಂಬಿದ ಬಸ್ಸಿನಲ್ಲಿ ಅತ್ತಿಯ ಸುತ್ತ ಅದೆಲ್ಲಿಂದ ಅಷ್ಟು ಜಾಗ ಹುಟ್ಟಿತೋ! ಜನ ಒಬ್ಬರ ಮೇಲೊಬ್ಬರು ಬಿದ್ದು ಹಿಂದೆ ಸರಿದಿದ್ದರು. ಅತ್ತಿ ಮಾತ್ರ, "ಭಾಳ ಛಲೋ ಆತು, ಈಗ ಕೈ ಆಡ್ತದ" ಅಂತ ದಿಂಬನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡು ಕಡ್ಡಿ ದಾಟಿಸಲು ಸುರು ಮಾಡಿದಳು. ಕಟಕಟ ಸದ್ದಿಗೆ ಮೊದಲು ಮಕ್ಕಳು ಹತ್ತಿರ ಬಂದವು. ಆಮೇಲೆ ಹೆಂಗಸರು. ಕೊನೆಗೆ ಮುದುಕಿಯೂ ಬಗ್ಗಿ, "ಇದು ನನ್ನ ಮೊಮ್ಮಗಳ ಲಂಗಕ್ಕ ಆಗ್ತದೇನು?" ಅಂದಳು. ಕಂಡಕ್ಟರ್ ಇನ್ನೊಂದು ಸೀಟಿ ಊದಿ ಬಸ್ಸು ಬಿಡಿಸಿದ.

ಕಥೆ ಅಲ್ಲಿಗೇ ಮುಗಿಯಿತು ಅಂದುಕೊಂಡಿರಾ? ಸುರಪುರದಲ್ಲಿ ಇಳಿದಾಗ ತಲೆಗೆ ಪಟಗ ಸುತ್ತಿದ ಮುದುಕನೊಬ್ಬ ನಮ್ಮ ಹಿಂದೆಯೇ ಬಂದ. ಆಚೀಚೆ ನೋಡಿ ಅತ್ತಿಯ ಹತ್ತಿರ ಬಂದು ಪಿಸುಗುಟ್ಟಿದ.

"ಯವ್ವಾ, ಅವರ ಮುಂದ ದಾರದ ನಾಟಕ ಹೂಡಿದ್ದು ಬರೋಬ್ಬರಿ ಮಾಡಿದಿ. ನನಗ ಖರೇ ಗೊತ್ತದ. ನಮ್ಮ ಮ್ಯಾಲಿನ ಹೊಲದಾಂವ ನನಗ ಕಾಲುವಿ ನೀರು ಬಿಡವಲ್ಲ. ಅವನ ಹೆಸರ್ಲೇ ಒಂದ, ಒಂದೇ ಒಂದು ಟಾಚಣಿ..."

ಯಾದಗಿರಿಯ ಸಂಗತಿ ಹೇಳದಿದ್ದರೆ ಅತ್ತಿ ನನ್ನನ್ನು ಬಿಡುವುದಿಲ್ಲ. ಅಲ್ಲಿ ಹೆಂಗಸರ ಕೈಕೆಲಸದ ಪ್ರದರ್ಶನವೊಂದು ನಡೆಯಿತು. ಅತ್ತಿ ನಾಲ್ಕೂ ಮೂಲೆ ತಿರುಗಿದ ಮೇಜಿನ ಬಟ್ಟೆ ಒಯ್ದಿದ್ದಳು. ತಪಾಸಣೆಗೆ ಬಂದ ಕಪ್ಪು ಕನ್ನಡಕದ ಮೇಡಂ ಒಬ್ಬರು ಅದನ್ನು ಎತ್ತಿ, ತಿರುವಿ, ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಇದು ಮಷೀನಿನ ಲೇಸು. ಅಂಗಡಿಯದು. ಇಲ್ಲಿ ಕೈಯಲ್ಲಿ ಮಾಡಿದ್ದಕ್ಕೆ ಮಾತ್ರ ಬಹುಮಾನ." ಬಹುಮಾನ ಬೆಂಕಿಕಡ್ಡಿಯಿಂದ ಮಾಡಿದ ಗುಡಿಸಲಿಗೆ ಹೋಯಿತು. ನಾನು ಜಗಳಕ್ಕೆ ನಿಂತೆ. ಅತ್ತಿ ನನ್ನ ರಟ್ಟೆ ಹಿಡಿದು ಹೊರಗೆಳೆದುಕೊಂಡು ಬಂದಳು. ಅಳುತ್ತಾಳೇನೋ ಅಂತ ಮುಖ ನೋಡಿದರೆ, ಮುಖದ ತುಂಬ ನಗು!

"ಕೇಳಿದೇನು? ಮಷೀನಿಂದು ಅಂತ! ಒಂದೂ ತೂತು ತಪ್ಪಿಲ್ಲ ಅಂತ ಇಷ್ಟು ಮಂದಿ ಮುಂದ ಹೇಳ್ಯಾರ! ಇನ್ನೇನು ಬೇಕು ನನಗ?"

ಭೀಮರಾಯನಗುಡಿಗೆ ಬಂದವಳೇ ಇಡೀ ಸಾಲಿನ ಮನೆಗಳಿಗೆ ಪೇಢೆ ಹಂಚಿದಳು. "ಏನು ಸುದ್ದಿ?" ಅಂದವರಿಗೆಲ್ಲ, "ಬಹುಮಾನ ತಪ್ಪ್ಯಾದ್ರಿ, ತಗೋರಿ" ಅಂದಳು. ಕ್ಯಾಂಪಿನವರಿಗೆ ಇವತ್ತಿಗೂ ಆ ಪೇಢೆ ಅರ್ಥವಾಗಿಲ್ಲ.

ಹೀಗೆ ನಮ್ಮ ದಿನಗಳು ನಡೆಯುತ್ತಿದ್ದವು. ಒಂದು ಮುಂಜಾನೆ ಮಾವ ಆಫೀಸಿಗೆ ಹೊರಡುತ್ತ ಅಂಗಿ ಹಾಕಿಕೊಳ್ಳುತ್ತಿದ್ದ. ಗುಂಡಿ ಹಾಕಲು ಹೋದ ಬಲಗೈ ಹಾಗೇ ಜಾರಿ ಕೆಳಗೆ ಬಿತ್ತು. ಏನೋ ಹೇಳಲು ಬಾಯಿ ತೆರೆದ, ಮಾತಿನ ಬದಲು ಬರೀ ದನಿ ಬಂತು. ನಾನೂ ಅತ್ತಿಯೂ ಹಿಡಿದುಕೊಳ್ಳುವುದರೊಳಗೆ ಗೋಡೆಗೆ ಒರಗಿ ಕುಸಿದ. ಲಕ್ವಾ ಹೊಡೆದಿತ್ತು.

ಆಫೀಸಿನ ಜೀಪಿನಲ್ಲಿ ಕಲಬುರ್ಗಿಗೆ ಒಯ್ದೆವು. ಜೀವಕ್ಕೆ ಭಯವಿಲ್ಲ ಅಂದರು ಡಾಕ್ಟರರು. ಕಾಲು ನಿಧಾನಕ್ಕೆ ಸರಿಹೋಗಿ ಕೋಲು ಹಿಡಿದು ನಡೆಯುವಂತಾಯಿತು. ಮಾತೂ ಸ್ವಲ್ಪ ತೊದಲುತ್ತ ಬಂತು. ಆದರೆ ಬಲಗೈ ಬರಲಿಲ್ಲ. ಬೆರಳಿಗೆ ಕೆಲಸ ಕೊಡಬೇಕು, ದಿನಾ ಕೊಡಬೇಕು, ಈ ರಬ್ಬರ್ ಚೆಂಡು ಹಿಚುಕಲಿ ಅಂತ ಹೇಳಿ ಕಳಿಸಿದರು. ಮಾವ ಮನೆಗೆ ಬಂದ ದಿನವೇ ಆ ಚೆಂಡನ್ನು ಎಡಗೈಯಿಂದ ಅಂಗಳಕ್ಕೆ ಎಸೆದ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತ. ಬಲಗೈಯನ್ನು ಟವೆಲಿನ ಕೆಳಗೆ ಮುಚ್ಚಿ ಇಟ್ಟುಕೊಳ್ಳುತ್ತಿದ್ದ. ಅದು ತನ್ನದಲ್ಲ, ಯಾರೋ ಬಿಟ್ಟು ಹೋದದ್ದು ಅನ್ನುವ ಹಾಗೆ. ಆಫೀಸಿನವರು ಮಾತಾಡಿಸಲು ಬಂದರೆ ಕಣ್ಣು ಮುಚ್ಚಿಬಿಡುತ್ತಿದ್ದ.

ಬಳಗದವರು ಎಣ್ಣೆ ತಂದರು, ಪಥ್ಯ ಹೇಳಿದರು. ತಿಂಥಣಿಗೆ ಹೋಗಿ ಬಾ ಅಂದರು. ಅತ್ತಿ ಹೋಗಿ ಬಂದಳು. ಪ್ರಸಾದ ಗಂಡನ ಹಣೆಗೆ ಹಚ್ಚಿ, "ದೇವರಿಗಿ ಹೇಳಿ ಬಂದೀನಿ. ಅಂವ ತನ್ನ ಕೆಲಸ ಮಾಡ್ತಾನ. ನಾ ನಂದು ಮಾಡ್ತೀನಿ" ಅಂದಳು. ಮರುದಿನ ಮಧ್ಯಾಹ್ನ ಸೂಜಿಯ ಹಿಡಿಕೆಗೆ ಹಳೆಯ ಬಟ್ಟೆ ಸುತ್ತಿ ಸುತ್ತಿ ಬದನೆಕಾಯಿಯಷ್ಟು ದಪ್ಪ ಮಾಡಿದಳು. ಚುಕ್ಕಿ ಬರೆದ ರಟ್ಟನ್ನು ಕಂಬಳಿಯ ಮೇಲಿಟ್ಟು ಮಾವನ ಮುಂದೆ ಹಲಗೆ ಎಳೆದಳು. ಟವೆಲು ಸರಿಸಿ, ಆ ಕೈಯನ್ನು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಹಿಡಿಕೆಗೆ ಮಡಿಸಿದಳು.

"ಚುಚ್ಚರಿ."

ಮಾವ ತಲೆ ಅಲ್ಲಾಡಿಸಿದ.

"ನನಗ ಪಟ್ಟಿ ಬೇಕಾಗ್ಯಾದ. ನನಗ ಹೊತ್ತಿಲ್ಲ, ಒಲಿ ಮ್ಯಾಲ ಬ್ಯಾಳಿ ಅದ. ನೀವು ಸುಮ್ಮ ಕುಂತೀರಿ. ಚುಚ್ಚರಿ!"

ಅಷ್ಟಂದು ಅಡಿಗೆಮನೆಗೆ ಹೋದಳು. ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ಒಲೆಯ ಮೇಲೆ ಬೇಳೆ ಇರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ.

ಆಮೇಲೆ ಸೂಜಿ ಬಿದ್ದ ಸದ್ದು. ಎಡಗೈಯಿಂದ ಎತ್ತಿ ಬಲಗೈಗೆ ಕೊಟ್ಟುಕೊಂಡದ್ದು ಕಾಣಿಸಿತು. ಮತ್ತೆ ಬಿತ್ತು. ಮತ್ತೆ ಎತ್ತಿಕೊಂಡ. ಹಲಗೆಯ ಮೇಲೆ ಬಗ್ಗಿದ ಆ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಟಕ್ ಅಂತ ಒಂದು ತೂತು ಬಿತ್ತು. ಚುಕ್ಕಿಯ ಮೇಲಲ್ಲ, ಚುಕ್ಕಿಯಿಂದ ಬೆರಳಗಲ ದೂರ. ಅತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಸಂಜೆ ನೋಡಿದರೆ ಆ ಪಟ್ಟಿ ಹಂದಿ ಕೆದರಿದ ಹೊಲದ ಹಾಗಿತ್ತು. ಮಾವ ಅದನ್ನು ಮುದ್ದೆ ಮಾಡಲು ಹೋದ. ಅತ್ತಿ ಕಸಿದುಕೊಂಡು, ಮರುದಿನ ಅದನ್ನೇ ದಿಂಬಿನ ಮೇಲೆ ಹಚ್ಚಿ ಕಡ್ಡಿ ಹಿಡಿದು ಕೂತಳು.

"ಅತ್ತಿ, ತೂತೆಲ್ಲ ಸೊಟ್ಟ ಅವ," ಅಂದೆ ಮೆಲ್ಲಗೆ.

"ನನಗೂ ಕಣ್ಣವ."

"ನೀ ಇನ್ನೊಂದು ಚುಚ್ಚಬಹುದಿತ್ತಲ್ಲ?"

"ಇದು ಚುಚ್ಚಿ ಆಗ್ಯಾದಲ್ಲ," ಅಂದಳು. ತೂತು ಎಲ್ಲಿತ್ತೋ ಅಲ್ಲೇ ಟಾಚಣಿ ಚುಚ್ಚಿದಳು. ಒಂದನ್ನೂ ಸರಿಪಡಿಸಲಿಲ್ಲ. ದಾರಕ್ಕೆ ದಾರಿ ಸಿಗದ ಕಡೆ ಬಿಚ್ಚಿ, ಮತ್ತೆ ಹಾಕಿ, ಒಂದು ಗೇಣು ಲೇಸಿಗೆ ವಾರಗಟ್ಟಲೆ ಹೆಣಗಿದಳು. ಅದು ಮುಗಿಯುವಷ್ಟರಲ್ಲಿ ಮಾವನ ಮುಂದೆ ಮತ್ತೊಂದು ಪಟ್ಟಿ ಇಟ್ಟಳು. ಆಮೇಲೆ ಮತ್ತೊಂದು. ಆತ ಬೈದ, ಸೂಜಿ ಎಸೆದ, ಒಮ್ಮೆ ಹಲಗೆಯನ್ನೇ ಒದ್ದ. ಈಕೆ ಎತ್ತಿಟ್ಟಳು. ಒಂದು ಲೇಸಿನ ತುದಿಗೆ ಇನ್ನೊಂದನ್ನು ಜೋಡಿಸುತ್ತ ಹೋದಳು. ಮಾವ ಯಾವಾಗ ಗೋಡೆಯ ಕಡೆಯಿಂದ ಕುರ್ಚಿ ತಿರುಗಿಸಿಕೊಂಡ ಅನ್ನುವುದು ನಮಗ್ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ನಾನು ಶಾಲೆಯಿಂದ ಬಂದಾಗ ಆತ ಬಾಗಿಲ ಬೆಳಕಿಗೆ ಮುಖ ಮಾಡಿ ಕೂತಿದ್ದ, ಅಷ್ಟೆ.

ಮರುವರ್ಷ ಸುರಪುರದಲ್ಲಿ ಮಾವನ ತಂಗಿಯ ಮಗಳಿಗೆ ಕುಬಸ ಮಾಡಿದರು. ತುಂಬು ಬಸುರಿಯನ್ನು ಮಣೆಯ ಮೇಲೆ ಕೂರಿಸಿ ಹಸಿರು ಬಳೆ ಇಡಿಸುತ್ತಿದ್ದರು. ಅತ್ತಿ ಒಂದು ಸಾದಾ ನೀಲಿ ಸೀರೆ ಉಟ್ಟು ಬಂದಿದ್ದಳು. ಸೆರಗಿನ ಅಂಚಿಗೆ ಈ ತುದಿಯಿಂದ ಆ ತುದಿಯವರೆಗೆ ಬಿಳಿ ಲೇಸು. ಪಡಸಾಲೆಯಲ್ಲಿ ಗಂಡಸರ ಸಾಲಿನಲ್ಲಿ ಮಾವ ಕೋಲು ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಹೆಂಗಸರು ಇದ್ದಲ್ಲಿ ಸೆರಗು ಯಾರ ಕಣ್ಣಿಗೆ ಬೀಳುವುದಿಲ್ಲ? ಬೀಗರ ಕಡೆಯ ಹೆಂಗಸೊಬ್ಬಳು ಅದರ ಅಂಚು ಹಿಡಿದು ಎಲ್ಲರಿಗೂ ಕೇಳುವ ಹಾಗೆ ನಕ್ಕಳು.

"ಏನ್ರೀ ಇದು? ಕುಡದಾಂವ ಹೊಲ ಹರಗಿದಂಗ ಸೊಟ್ಟಂಬಟ್ಟ ಅದ! ನೀವು ಲೇಸಿನಾಗ ಭಾಳ ಹುಷಾರ್ ಅಂತಿದ್ರಲ್ಲ?"

ಪಡಸಾಲೆಯ ಕಡೆ ನೋಡಿದೆ. ಮಾವ ತಲೆ ತಗ್ಗಿಸಿದ್ದ.

ಅತ್ತಿ ಸೆರಗನ್ನು ಕಸಿದುಕೊಳ್ಳಲಿಲ್ಲ. ಹೆಗಲಿನಿಂದ ಇಳಿಸಿ, ಮಡಿಲಿನ ಮೇಲೆ ಪೂರ್ತಿ ಹರವಿದಳು.

"ಇದು ನಾ ಚುಚ್ಚಿದ ನಮೂನಿ ಅಲ್ರಿ. ನಮ್ಮ ಮನಿಯವರದು," ಅಂದಳು. ಅದೇ ದೊಡ್ಡ ದನಿ, ಪಡಸಾಲೆಗೂ ಕೇಳುವ ದನಿ. "ಬರ್ರಿ, ತೋರಸ್ತೀನಿ. ಈ ತುದಿ ನೋಡ್ರಿ, ಇದು ಅವರು ಮೊದಲ ಸೂಜಿ ಹಿಡದಾಗಿಂದು. ಕೈಯಾಗ ಸೂಜಿನೇ ನಿಂದರ್ತಿರಲಿಲ್ಲ. ಹೌದ್ರಿ, ಸೊಟ್ಟ ಅದ. ಇಲ್ಲಿ ನೋಡ್ರಿ, ಇದು ಯುಗಾದಿ ಮುಂದ. ಇಲ್ಲಿ ಜ್ವರ ಬಂದಿತ್ತು, ಅದಕ್ಕ ಮತ್ತ ಕೆಳಗ ಜಾರ್ಯಾದ. ಇಲ್ಲಿ ನನ್ನ ಮ್ಯಾಲ ಸಿಟ್ಟಾಗಿದ್ರು, ಅದಕ್ಕ ತೂತು ದೊಡ್ಡ ಅವ. ಮುಂದ ಬರ್ರಿ. ಇನ್ನ ಜರಾ ಮುಂದ."

ಹೆಂಗಸರ ತಲೆಗಳು ಒಂದಕ್ಕೊಂದು ತಾಗಿದವು. ಅತ್ತಿಯ ಬೆರಳು ಲೇಸಿನ ಮೇಲೆ ಸರಿಯುತ್ತ ಹೋದ ಹಾಗೆ ಚೆದುರಿ ಬಿದ್ದಿದ್ದ ಚುಕ್ಕಿಗಳು ಮೆಲ್ಲಗೆ ಒಂದರ ಹತ್ತಿರ ಒಂದು ಬಂದವು, ಅಂಚು ಕಟ್ಟಿಕೊಂಡವು, ಎಲೆ ಎಲೆಯಾಯಿತು, ಬಳ್ಳಿ ಬಳ್ಳಿಯಾಯಿತು. ಬಳೆ ಇಡಿಸುವವಳ ಕೈಯೂ ನಿಂತಿತ್ತು. ಆಡಿಕೊಂಡಿದ್ದ ಹೆಂಗಸು ಹಿಡಿದಿದ್ದ ಅಂಚನ್ನು ಮೆಲ್ಲಗೆ ನೀಟಾಗಿ ಮಡಿಲ ಮೇಲೆ ಇಟ್ಟಳು.

ಸೆರಗಿನ ಆ ತುದಿಗೆ ಬಂದು ಬೆರಳು ನಿಂತಿತು. ಅಲ್ಲಿ ಬಳ್ಳಿ ನೆಟ್ಟಗಿತ್ತು.

"ಇದು ಚುಚ್ಚಿದ ದಿನ," ಅಂದಳು ಅತ್ತಿ, "ಅಂಗಿ ಗುಂಡಿ ತಾವೇ ಹಾಕ್ಕೊಂಡಿದ್ರು."